ಒಂದೇ ಕಾಲಿನ ಕೆಪಾಸಿಟರ್

ಮೆಕ್ಯಾನಿಕಲ್ ಓದಿದವರಿಗೆ ಆ ಕೋಷ್ಟಕ ಪರಿಚಿತ. ಈ ಕಡೆ ಸ್ಪ್ರಿಂಗು, ಡ್ಯಾಂಪರು, ಮಾಸ್. ಆ ಕಡೆ ಇಂಡಕ್ಟರು, ರೆಸಿಸ್ಟರು, ಕೆಪಾಸಿಟರು. ಬಲವೆಂದರೆ ಕರೆಂಟು, ವೇಗವೆಂದರೆ ವೋಲ್ಟೇಜು. 1933ರಲ್ಲಿ ಅಮೆರಿಕದ ಫ್ಲಾಯ್ಡ್ ಫೈರ್‌ಸ್ಟೋನ್ ಮಂಡಿಸಿದ ಹೋಲಿಕೆ ಇದು. ಅದಕ್ಕಿಂತ ಹಳೆಯ ರೂಢಿಯಲ್ಲಿ ಬಲವನ್ನು ವೋಲ್ಟೇಜಿಗೆ ಹೋಲಿಸುತ್ತಿದ್ದರು. ಲೆಕ್ಕ ಅದರಲ್ಲೂ ಸರಿಬರುತ್ತದೆ, ಚಿತ್ರ ಮಾತ್ರ ಅದಲುಬದಲು: ಯಂತ್ರದಲ್ಲಿ ಪ್ಯಾರಲಲ್ ಇದ್ದದ್ದು ಸರ್ಕ್ಯೂಟಿನಲ್ಲಿ ಸೀರೀಸ್. ಫೈರ್‌ಸ್ಟೋನ್ ದಾರಿಯಲ್ಲಿ ಜೋಡಣೆ ಇದ್ದ ಹಾಗೇ ಇರುತ್ತದೆ. ಬೈಕಿನ ಶಾಕ್ ಅಬ್ಸಾರ್ಬರಿನಲ್ಲಿ ಸ್ಪ್ರಿಂಗು, ಡ್ಯಾಂಪರು ಜೊತೆಜೊತೆಗಿವೆ. ಕಾಗದದ ಮೇಲೆ ಇಂಡಕ್ಟರು, ರೆಸಿಸ್ಟರೂ ಹಾಗೇ.

ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಸಾಫ್ಟ್‌ವೇರ್ ಸೇರಿದ ಮೇಲೆ ನನಗೆ ಉಳಿದ ಕೋಷ್ಟಕಗಳೆಲ್ಲ ಎಕ್ಸೆಲ್ಲಿನವು. ಮಗಳು ಈಗ ಎಲೆಕ್ಟ್ರಿಕಲ್ ಎರಡನೇ ವರ್ಷ. ಹಾಸ್ಟೆಲಿನಿಂದ ಫೋನ್ ಮಾಡಿದರೆ ಅವ್ವನ ಜೊತೆ ಅರ್ಧ ತಾಸು, ನನ್ನ ಜೊತೆ "ಊಟ ಆತೇನು?", "ಆತು", ಅಷ್ಟೇ. ಒಂದು ರಾತ್ರಿ ಮಾತ್ರ ಫೋನ್ ನನಗೇ ಬಂತು. "ಅಪ್ಪಾ, ಕೆಪಾಸಿಟರಿಗೆ ಎರಡು ಕಾಲು ಅದಾವ. ನಿಮ್ಮ ಮಾಸ್‌ಗೆ ಎರಡನೇ ಕಾಲು ಎಲ್ಲೈತಿ?"

ಕೇಳಬೇಕಾದ ಪ್ರಶ್ನೆ. ಸ್ಪ್ರಿಂಗಿಗೆ ಎರಡು ತುದಿ, ಡ್ಯಾಂಪರಿಗೂ ಎರಡು. ಮಾಸ್‌ಗೆ ಹಿಡಿಯಲು ಸಿಗುವುದು ಒಂದೇ. ಅದರ ವೇಗೋತ್ಕರ್ಷವನ್ನು ಅಳೆಯುವುದು ನೆಲದಿಂದ. ಅಂದರೆ ಅದು ಒಂದು ಕಾಲನ್ನು ಸದಾ ಅರ್ಥಿಂಗಿಗೆ ಕಟ್ಟಿಹಾಕಿದ ಕೆಪಾಸಿಟರು. ಯಾವುದೇ ಪ್ಯಾಸಿವ್ ಇಂಪೀಡೆನ್ಸನ್ನು ಆರ್, ಎಲ್, ಸಿ ಇಷ್ಟರಿಂದಲೇ ಕಟ್ಟಬಹುದು, ಟ್ರಾನ್ಸ್‌ಫಾರ್ಮರೂ ಬೇಡ ಎಂದು ಬಾಟ್ ಮತ್ತು ಡಫಿನ್ 1949ರಲ್ಲೇ ತೋರಿಸಿದ್ದರು. ಆ ಸಂಪತ್ತು ನಮ್ಮ ಕಡೆಗೆ ದಾಟುತ್ತಿರಲಿಲ್ಲ. ಎರಡು ಚಲಿಸುವ ಬಿಂದುಗಳ ನಡುವೆ ಕೂರುವ ಕೆಪಾಸಿಟರು ಯಂತ್ರಲೋಕದಲ್ಲಿ ಇರಲೇ ಇಲ್ಲ.

ಇಲ್ಲದಿದ್ದರೆ ಮಾಡಿದರಾಯಿತು ಎಂದವರು ಕೇಂಬ್ರಿಜ್‌ನ ಮಾಲ್ಕಮ್ ಸ್ಮಿತ್. 2002ರ ಪ್ರಬಂಧದಲ್ಲಿ ಅದಕ್ಕೆ ಇನರ್ಟರ್ ಎಂದು ಹೆಸರಿಟ್ಟರು (ಮನೆಯ ಯುಪಿಎಸ್ ಇನ್ವರ್ಟರ್ ಅಲ್ಲ!). ಒಳಗಿರುವುದು ಸಾದಾ ಸಾಮಾನು: ಹಲ್ಲಿನ ಸರಳು, ಅದಕ್ಕೆ ಕಚ್ಚಿದ ಪಿನಿಯನ್, ಒಂದು ಫ್ಲೈವೀಲ್. ಎರಡು ತುದಿಗಳು ಹತ್ತಿರ-ದೂರ ಆದಂತೆ ಫ್ಲೈವೀಲ್ ಗಿರ್ರನೆ ತಿರುಗುತ್ತದೆ. ತುದಿಗಳ ನಡುವಿನ ಸಾಪೇಕ್ಷ ವೇಗೋತ್ಕರ್ಷಕ್ಕೆ ತಕ್ಕಷ್ಟು ಬಲ. ಮಾನ ಮತ್ತೆ ಕಿಲೋಗ್ರಾಮೇ, ಆದರೆ ತಕ್ಕಡಿಯಲ್ಲಿ ತೂಗುವ ಕಿಲೋ ಅಲ್ಲ.

ಅವತ್ತು ಫೋನಿನಲ್ಲೇ ಲೆಕ್ಕ ಹಾಕಿದೆವು. 200 ಗ್ರಾಂ ಫ್ಲೈವೀಲ್, ಅದರ ಪರಿಭ್ರಮಣ ತ್ರಿಜ್ಯ 3 ಸೆಂ.ಮೀ., ಪಿನಿಯನ್ ತ್ರಿಜ್ಯ ಅರ್ಧ ಸೆಂ.ಮೀ. ಅನುಪಾತ 6, ವರ್ಗ 36: ಸಿಕ್ಕಿದ್ದು 7.2 ಕಿಲೋ. ನಡುವೆ ಐದು ಪಟ್ಟಿನ ಇನ್ನೊಂದು ಗೇರ್ ಹಾಕಿದರೆ 180 ಕಿಲೋ. "ಕಿಸೆದಾಗ ಇಡೋ ಚಕ್ರಕ್ಕ ಇಬ್ಬರು ಮನುಷ್ಯರ ಜಡತ್ವ!" ಎಂದಳು. ಹಿಂದೆ ರೂಮ್‌ಮೇಟ್ ದೀಪ ಆರಿಸು ಎಂದು ಗೊಣಗುವುದು ಕೇಳಿಸುತ್ತಿತ್ತು.

ಮೆಕ್ಲಾರೆನ್ ತಂಡ ಇದನ್ನು ರೇಸ್ ಕಾರಿಗೆ ಹಾಕಿತು. 2005ರ ಸ್ಪೇನ್ ಗ್ರಾಂಪ್ರಿಯಲ್ಲಿ ಕಿಮಿ ರೈಕೊನೆನ್ ಗೆದ್ದದ್ದು ಆ ಕಾರಿನಲ್ಲಿ. ಗುಟ್ಟು ಬಿಡದಿರಲು ಇಟ್ಟ ಹೆಸರು 'ಜೆ-ಡ್ಯಾಂಪರ್'. ಅದು ಡ್ಯಾಂಪರೇ ಅಲ್ಲ, ಶಕ್ತಿಯನ್ನು ಕರಗಿಸುವುದಿಲ್ಲ, ಹಿಡಿದಿಟ್ಟು ಮರಳಿಸುತ್ತದೆ. ನಕ್ಷೆ ರೆನೋ ತಂಡದ ಕೈ ಸೇರಿ 2007ರಲ್ಲಿ ವಿಚಾರಣೆ ನಡೆದಾಗ, ನೋಡಿದವರಿಗೆ ಅದು ಅರ್ಥವೇ ಆಗಿರಲಿಲ್ಲ ಎಂಬುದು ಹೊರಬಂತು. ನಕ್ಷೆ ಕದಿಯಬಹುದು, ಕೋಷ್ಟಕದ ಖಾಲಿ ಜಾಗ ಕಾಣುವ ಕಣ್ಣು ಬೇರೆ ಎಂದು ನಾನು ದೊಡ್ಡದಾಗಿ ಹೇಳುತ್ತಿದ್ದೆ. ಅವಳು ನಡುವೆಯೇ ಕೇಳಿದಳು:

"ಇಷ್ಟೆಲ್ಲ ಸೇರತಿತ್ತಂದ್ರ ಮೆಕ್ಯಾನಿಕಲ್ ಯಾಕ ಬಿಟ್ಟಿ?"

ಅಜ್ಜನ ಸಾಲ, ತಂಗಿಯ ಮದುವೆ, ಆಗ ಸಾಫ್ಟ್‌ವೇರಿನಲ್ಲಿ ಸಿಗುತ್ತಿದ್ದ ಸಂಬಳ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳಿಗೆ ಇದನ್ನೆಲ್ಲ ಹೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ" ಎಂದಳು.

ಮರುದಿನ ಸ್ಟೇಟಸ್ ಮೀಟಿಂಗಿನ ನಡುವೆ ವಾಟ್ಸಾಪಿನಲ್ಲಿ ಚಿತ್ರ ಬಂತು. ಅವಳ ಸ್ಕೂಟಿಯ ಹಿಂಬದಿ ಸಸ್ಪೆನ್ಷನ್ ಸರ್ಕ್ಯೂಟಾಗಿ ನಿಂತಿತ್ತು, ನಡುವೆ ಎರಡೂ ಕಾಲು ಬಿಡಿಯಾಗಿದ್ದ ಒಂದು ಕೆಪಾಸಿಟರು. ಕೆಳಗೆ: "ಸ್ಪ್ರಿಂಗಿನ ಕೆ ಎಷ್ಟು? ಅಳತೆ ಮಾಡೂದು ಹೆಂಗ?" ಶನಿವಾರ ಊರಿಗೆ ಬರುತ್ತಾಳೆ. ಬಾತ್‌ರೂಮಿನ ತೂಕದ ಯಂತ್ರ ಮತ್ತು ಸ್ಟೀಲ್ ಸ್ಕೇಲ್ ತೆಗೆದಿಟ್ಟಿದ್ದೇನೆ.