ಓದಿದ ಮಕ್ಕಳನ್ನು ನಾನು ಕೇಳಲಿಲ್ಲ

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ನಾನು ಬಹಳ ವರ್ಷ ಬಾಡಿಗೆ ಪುಸ್ತಕಗಳ ಲೈಬ್ರರಿ ನಡೆಸಿದೆ. ಕಾದಂಬರಿಗಳಿಗಿಂತ ಹೆಚ್ಚು ಓಡುತ್ತಿದ್ದದ್ದು ಕಾಮಿಕ್ಸ್. ಬ್ಯಾಟ್‌ಮನ್, ಸೂಪರ್‌ಮನ್‌ಗಳದ್ದು ಒಂದು ಕಪಾಟು. ಪಕ್ಕದಲ್ಲೇ 'ಟೇಲ್ಸ್ ಫ್ರಮ್ ದಿ ಕ್ರಿಪ್ಟ್', 'ದಿ ಹಾಂಟ್ ಆಫ್ ಫಿಯರ್' ಮರುಮುದ್ರಣಗಳು. ಅಮೆರಿಕದ ಇ.ಸಿ. ಕಾಮಿಕ್ಸ್ ಸಂಸ್ಥೆ 1950ರಲ್ಲಿ ಆರಂಭಿಸಿದ ಹಾರರ್ ಸಂಚಿಕೆಗಳವು.

ಒಬ್ಬ ತಾಯಿ ಬಂದು, "ಇದನ್ನ ಓದಿದ ಮೇಲೆ ನನ್ನ ಮಗ ರಾತ್ರಿ ಲೈಟ್ ಆರಿಸೋಕೇ ಬಿಡ್ತಿಲ್ಲ ಸರ್" ಎಂದರು. ಆ ವಾರವೇ ಹಾರರ್ ಕಾಮಿಕ್ಸ್ ಅಷ್ಟನ್ನೂ ರದ್ದಿಗೆ ಹಾಕಿದೆ. ಒಂದನ್ನೂ ಪೂರ್ತಿ ಓದಿರಲಿಲ್ಲ. ಸೂಪರ್‌ಹೀರೋಗಳು ಉಳಿದರು, ಅಲ್ಲಿ ಒಳ್ಳೆಯವರು ಗೆಲ್ಲುತ್ತಾರೆ, ಮಕ್ಕಳಿಗೆ ಅಷ್ಟು ಸಾಕು ಎಂದುಕೊಂಡೆ.

ಕೌಂಟರಿನ ಮೇಲೆ ಓದುಗರ ಅಭಿಪ್ರಾಯಕ್ಕೆಂದು ಒಂದು ನೋಟ್‌ಬುಕ್ ಇಟ್ಟಿದ್ದೆ. ಅದನ್ನು ತಿರುವಿ ನೋಡಿದ್ದು ಅಂಗಡಿ ಖಾಲಿ ಮಾಡುವಾಗ. ಹೈಸ್ಕೂಲಿನ ಒಬ್ಬ ಹುಡುಗಿ, ಹಾರರ್ ಕಪಾಟು ಹೋದ ಮೇಲೆ ಬರುವುದನ್ನೇ ನಿಲ್ಲಿಸಿದವಳು, 1952ರ 'ಪೊಯೆಟಿಕ್ ಜಸ್ಟಿಸ್' ಎಂಬ ಕಥೆಯ ಬಗ್ಗೆ ಬರೆದಿದ್ದಳು. ಕಸ ಎತ್ತುವ ಒಬ್ಬ ಬಡ ಮುದುಕನನ್ನು ಊರು ಬಿಡಿಸಲು ನೆರೆಯವರು ಹೊಂಚು ಹಾಕುತ್ತಾರೆ. ಪ್ರೇಮಿಗಳ ದಿನದಂದು ಅವನಿಗೆ ವಿಷ ಕಾರುವ ಕಾರ್ಡುಗಳನ್ನು ಕಳಿಸುತ್ತಾರೆ. ಅವನು ಪ್ರಾಣ ಕಳೆದುಕೊಳ್ಳುತ್ತಾನೆ. ಮುಂದಿನ ವರ್ಷ ಗೋರಿಯಿಂದ ಎದ್ದು ಬರುತ್ತಾನೆ. ಹುಡುಗಿಯ ಷರಾ: "ದೆವ್ವಕ್ಕಿಂತ ಆ ಕಾರ್ಡ್ ಬರೆದೋರನ್ನ ನೋಡಿ ಭಯ ಆಯ್ತು. ತಾತ ಬದುಕಿದ್ದಾಗಲೇ ಚೆನ್ನಾಗಿ ನೋಡ್ಕೊಂಡಿದ್ರೆ ಅವರು ಎದ್ದು ಬರಬೇಕಾಗಿರಲಿಲ್ಲ." ಅದೇ ಪುಟದಲ್ಲಿ ಇನ್ನೊಂದು ಸಾಲು: "ಸೂಪರ್‌ಮನ್‌ಗೆ ಏನೂ ಆಗಲ್ಲ ಅಂತ ಗೊತ್ತು, ಅದಕ್ಕೇ ಬೇಜಾರು."

ಅಷ್ಟು ಚೆನ್ನಾಗಿ ಓದಬಲ್ಲ ಹುಡುಗಿಯನ್ನು ನಾನೇ ಕಳೆದುಕೊಂಡಿದ್ದೆ.

ಈ ಕಾಮಿಕ್ಸ್‌ಗಳ ಇತಿಹಾಸವನ್ನು ಓದತೊಡಗಿದ್ದು ಆಮೇಲೆ. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 'ಸೆಡಕ್ಷನ್ ಆಫ್ ದಿ ಇನ್ನೋಸೆಂಟ್' ಬರೆದು, ಕಾಮಿಕ್ಸ್ ಮಕ್ಕಳನ್ನು ಅಪರಾಧಕ್ಕೆ ದೂಡುತ್ತವೆ ಎಂದು ವಾದಿಸಿದರು. ನಾನು ಉಳಿಸಿಕೊಂಡ ಸೂಪರ್‌ಮನ್, ಬ್ಯಾಟ್‌ಮನ್‌ಗಳೂ ಅವರ ಆರೋಪಪಟ್ಟಿಯಲ್ಲಿದ್ದವು. ವರ್ಥಮ್ ಕೆಟ್ಟ ಮನುಷ್ಯರಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರಿಗಾಗಿ ಅಗ್ಗದ ಮನೋಚಿಕಿತ್ಸಾಲಯ ನಡೆಸಿದವರು. ಆದರೆ 2012ರಲ್ಲಿ ಸಂಶೋಧಕಿ ಕ್ಯಾರೊಲ್ ಟಿಲ್ಲಿ, ವರ್ಥಮ್‌ರ ಖಾಸಗಿ ಟಿಪ್ಪಣಿಗಳನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಿದಾಗ, ಮಕ್ಕಳ ಮಾತುಗಳನ್ನೇ ತಿದ್ದಿದ್ದು ಬಯಲಾಯಿತು. ಬೇರೆ ಬೇರೆ ಮಕ್ಕಳ ಮಾತು ಒಬ್ಬರದ್ದಾಗಿತ್ತು. ಮಕ್ಕಳ ಬದುಕಿನ ಬೇರೆ ತೊಂದರೆಗಳನ್ನು ಕೈಬಿಟ್ಟು ತಪ್ಪೆಲ್ಲ ಕಾಮಿಕ್ಸ್ ತಲೆಗೆ ಕಟ್ಟಲಾಗಿತ್ತು.

1954ರಲ್ಲೇ ಅಮೆರಿಕದ ಸೆನೆಟ್ ಉಪಸಮಿತಿ ಕಾಮಿಕ್ಸ್ ಬಗ್ಗೆ ವಿಚಾರಣೆ ನಡೆಸಿತು. ಮಕ್ಕಳು, ಹದಿಹರೆಯದವರು ತಮ್ಮ ಪುಸ್ತಕಗಳ ಪರವಾಗಿ ಸಮಿತಿಗೆ ಪತ್ರ ಬರೆದರು. ಸರ್ಕಾರ ಕಾನೂನು ತರಲಿಲ್ಲ. ಹೆದರಿದ ಪ್ರಕಾಶಕರೇ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿ ಮಾಡಿಕೊಂಡರು. 'ಹಾರರ್', 'ಟೆರರ್' ಪದಗಳು ಶೀರ್ಷಿಕೆಯಲ್ಲಿ ಬರುವಂತಿಲ್ಲ, ರಕ್ತಪಿಶಾಚಿ, ನಡೆದಾಡುವ ಹೆಣ ಯಾವುದೂ ಇರುವಂತಿಲ್ಲ. ಇ.ಸಿ.ಯ ಹಾರರ್ ಸಂಚಿಕೆಗಳು ನಿಂತೇಹೋದವು. 1971ರಲ್ಲಿ ನಿಯಮ ಸಡಿಲಗೊಂಡು ರಕ್ತಪಿಶಾಚಿಗಳಿಗೆ ದಾರಿಯಾಯಿತು. ಕೋಡ್ ಪೂರ್ತಿ ಕಣ್ಮರೆಯಾಗಿದ್ದು 2011ರಲ್ಲಿ.

ನಿದ್ದೆಗೆಟ್ಟ ಆ ಹುಡುಗನ ಭಯ ಸುಳ್ಳಲ್ಲ. ಅವನಿಗೆ ಆ ಪುಸ್ತಕ ಕೊಡಬಾರದಿತ್ತು, ಅವನ ಲೈಬ್ರರಿ ಕಾರ್ಡಿನಲ್ಲಿ ಹಾಗೆಂದು ಬರೆದುಕೊಂಡಿದ್ದರೆ ಮುಗಿಯುತ್ತಿತ್ತು. ಒಬ್ಬನಿಗೆ ಒಗ್ಗದ್ದನ್ನು ಎಲ್ಲರಿಂದ ಕಿತ್ತುಕೊಂಡದ್ದು ಅನ್ಯಾಯ.

ಶಾಲೆಯಲ್ಲೋ ಬಡಾವಣೆಯಲ್ಲೋ ಲೈಬ್ರರಿ ನೋಡಿಕೊಳ್ಳುವವರಲ್ಲಿ ಒಂದು ಕೋರಿಕೆ. ಯಾವುದೇ ಪುಸ್ತಕವನ್ನು ಕಪಾಟಿನಿಂದ ತೆಗೆಯುವ ಮುಂಚೆ ನೀವೇ ಒಮ್ಮೆ ಓದಿ. ಅದನ್ನು ಇಷ್ಟಪಟ್ಟ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾಕೆ ಇಷ್ಟವಾಯಿತೆಂದು ಕೇಳಿ, ಹೇಳುವಷ್ಟನ್ನೂ ಹೇಳಲು ಬಿಡಿ.