ಬಣ್ಣದ ಕೆಳಗಿನ ಫ್ರೇಮು

ಪೆಡಲುಗಳ ನಡುವಿನ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್ಟಿನ ಕಪ್ಪನ್ನು ಸ್ಪ್ಯಾನರ್ ಮುಟ್ಟದೆ, ಬರೀ ಎರಡು ಬೆರಳಲ್ಲಿ, ಕೊನೆಯ ಸುತ್ತಿನವರೆಗೂ ತಿರುಗಿಸಿ ಕೂರಿಸುವುದಿದೆಯಲ್ಲ, ಸೈಕಲ್ ಕಟ್ಟುವ ಹವ್ಯಾಸದಲ್ಲಿ ಅದಕ್ಕಿಂತ ದೊಡ್ಡ ಸುಖ ನನಗೆ ಇನ್ನೊಂದು ಸಿಕ್ಕಿಲ್ಲ. ಥ್ರೆಡ್ ಚೊಕ್ಕಟವಾಗಿದ್ದರೆ, ಗ್ರೀಸಿನ ತೆಳು ಪದರದ ಮೇಲೆ ಕಪ್ಪು ಹಳೆಯ ಹಿತ್ತಾಳೆ ಡಬ್ಬಿಯ ಮುಚ್ಚಳದ ಹಾಗೆ ತಾನಾಗಿ ಒಳಗಿಳಿಯುತ್ತದೆ. ಕೊನೆಗೆ ಅದರ ಅಂಚು ಶೆಲ್ಲಿನ, ಅಂದರೆ ಕಪ್ಪು ಕೂರುವ ಫ್ರೇಮಿನ ಕೊಳವೆಯ, ಮುಖಕ್ಕೆ ಸುತ್ತಲೂ ಒಂದೇ ಸಲಕ್ಕೆ ತಾಗುತ್ತದೆ. ಫ್ರೇಮ್ ಮಾಡಿದವನು ತನ್ನ ಕೆಲಸವನ್ನು ಪೂರ್ತಿ ಮಾಡಿದ್ದಾನೆ ಎಂದು ಬೆರಳಿಗೆ ಗೊತ್ತಾಗುವುದು ಆಗ.

ಈಚೆಗೆ ನಾನು ತರಿಸಿದ ಹೊಸ ಫ್ರೇಮಿನಲ್ಲಿ ಕಪ್ಪು ಒಂದೂವರೆ ಸುತ್ತಿಗೇ ನಿಂತುಬಿಟ್ಟಿತು. ಕ್ರೋಮೊಲಿ ಉಕ್ಕಿನ ಫ್ರೇಮು, ಕಡುಹಸಿರು ಬಣ್ಣ, ಬೆಸುಗೆಯ ಸಾಲು ಕಣ್ಣಿಗೆ ಹಬ್ಬ. ಟಾರ್ಚ್ ಹಿಡಿದು ಶೆಲ್ಲಿನೊಳಗೆ ನೋಡಿದರೆ ಥ್ರೆಡ್ಡಿನ ಕಣಿವೆಗಳ ತುಂಬ ಅದೇ ಹಸಿರು ಪೌಡರ್ ಕೋಟಿಂಗ್. ಒಲೆಯಲ್ಲಿ ಬೆಂದು ಗಟ್ಟಿಯಾದ ಬಣ್ಣ ಅದು, ಉಗುರಿಗೆ ಬರುವಂಥದ್ದಲ್ಲ. ಬಣ್ಣ ಹೊಡೆಯುವ ಮೊದಲು ಶೆಲ್ಲಿನ ಎರಡೂ ಬಾಯಿಗೆ ರಬ್ಬರ್ ಬಿರಡೆ ಒತ್ತಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ. ಅಷ್ಟು ಸಣ್ಣ ಕೆಲಸ. ಇಷ್ಟು ಚೆಂದದ ಬೆಸುಗೆ ಹಾಕಿದ ಕೈಗೆ ಅವಮಾನವಾಗುವಷ್ಟು ಸಣ್ಣ ಕೆಲಸ.

ಅಂಗಡಿಗೆ ಫೋನ್ ಮಾಡಿದೆ. "ಏನಿಲ್ಲ ಸಾರ್, ಉದ್ದದ ಸ್ಪ್ಯಾನರ್ ಹಾಕಿ ಒತ್ತಿ. ಬಣ್ಣ ಅದೇ ಕಿತ್ಕೊಂಡು ಹೋಗುತ್ತೆ. ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಅಂದರು. ಓಡಿಸ್ತಾ ಸೆಟ್ ಆಗುತ್ತೆ! ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಎಲ್ಲಿ ಹೋದರೂ ಈ ಮಾತು ನನ್ನ ಬೆನ್ನು ಹತ್ತಿದೆ. ಬ್ರೇಕ್ ಪ್ಯಾಡ್ ಸೆಟ್ ಆಗುತ್ತದೆ, ಚರ್ಮದ ಸೀಟು ಸೆಟ್ ಆಗುತ್ತದೆ, ಹೊಸ ಕೇಬಲ್ ಸೆಟ್ ಆಗುತ್ತದೆ. ಓರೆಯಾದ ಲೋಹ ಸೆಟ್ ಆಗುವುದಿಲ್ಲ. ಅದು ಬೇರಿಂಗನ್ನು ತಿನ್ನುತ್ತದೆ, ಥ್ರೆಡ್ಡನ್ನು ತಿನ್ನುತ್ತದೆ, ಆಮೇಲೆ ಪ್ರತಿ ತುಳಿತಕ್ಕೂ ಕಿರ್ರೆನ್ನುತ್ತದೆ. ಈಗಿನ ಕಪ್ಪುಗಳು ಹೆಚ್ಚಾಗಿ ಅಲ್ಯೂಮಿನಿಯಮ್ಮಿನವು. ಉಕ್ಕಿನ ಶೆಲ್ಲಿನೊಳಗೆ ಗಟ್ಟಿ ಬಣ್ಣವನ್ನು ಕೊರೆಯುತ್ತಾ ಹೋಗೆಂದರೆ ಮೊದಲು ಸವೆಯುವುದು ಕಪ್ಪೇ.

ಬಣ್ಣ ತೆಗೆಯಲು ನನ್ನದೊಂದು ಮೆಚ್ಚಿನ ದಾರಿಯಿದೆ. ಹೊಸದಾಗಿ ಸೈಕಲ್ ಕಟ್ಟಲು ಹೊರಟವರಿಗೆಲ್ಲ ನಾನಿದನ್ನು ಬೇಡಬೇಡವೆಂದರೂ ಹೇಳುತ್ತೇನೆ. ಗುಜರಿಯಲ್ಲಿ ಹಳೆಯ ಉಕ್ಕಿನ ಕಪ್ಪು ಹುಡುಕಿ. ಅಲ್ಯೂಮಿನಿಯಮ್ ಬೇಡ, ಉಕ್ಕಿನದೇ ಆಗಬೇಕು. ಎಡಕ್ಕೊಂದು, ಬಲಕ್ಕೊಂದು. ಹ್ಯಾಕ್ಸಾದಲ್ಲಿ ಥ್ರೆಡ್ಡಿಗೆ ಅಡ್ಡವಾಗಿ, ಸಮ ಅಂತರದಲ್ಲಿ, ಮೂರು ನಾಲ್ಕು ಸೀಳು ಕೊಯ್ಯಿರಿ. ಕೊಯ್ದ ಅಂಚಿನ ಮುಳ್ಳನ್ನು ತ್ರಿಕೋನದ ಸಣ್ಣ ಅರದಲ್ಲಿ ನಿಧಾನವಾಗಿ ತೆಗೆಯಿರಿ. ಮುಳ್ಳು ಉಳಿದರೆ ಅದು ಬಣ್ಣದ ಜೊತೆ ಲೋಹವನ್ನೂ ಗೀರುತ್ತದೆ. ಸ್ವಲ್ಪ ಎಣ್ಣೆ ಬಿಟ್ಟು, ಕೈಯಲ್ಲೇ ಥ್ರೆಡ್ ಹಿಡಿಸಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಬಣ್ಣದ ಪುಡಿ ಬಂದು ಆ ಸೀಳುಗಳಲ್ಲಿ ತುಂಬಿಕೊಳ್ಳುತ್ತದೆ. ಬಿಗಿಯಾಯಿತು ಅನ್ನಿಸಿದ ಕೂಡಲೇ ಹೊರಗೆ ತೆಗೆದು, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಪುಡಿ ಉದುರಿಸಿ, ಮತ್ತೆ ಎಣ್ಣೆ ಬಿಟ್ಟು ಒಳಗೆ ಬಿಡಿ. ಅವಸರ ಕೂಡದು. ಬಲಗಡೆಯದು ಎಡಗೈ ಥ್ರೆಡ್ಡು, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಒಳಗೆ ಹೋಗುತ್ತದೆ ಎಂಬುದು ಗೊತ್ತಿರುವವರೂ ಗಡಿಬಿಡಿಯಲ್ಲಿ ತಪ್ಪುವುದುಂಟು.

ಇದನ್ನು ಕಂಡರೆ ಮೂಗು ಮುರಿಯುವ ಒಂದು ಬಳಗವೇ ಇದೆ. ಥ್ರೆಡ್ ಶುದ್ಧಿ ಎಂದರೆ ಸರಿಯಾದ ಟ್ಯಾಪಿನ ಜೋಡಿಯಲ್ಲೇ ಆಗಬೇಕು, ಎರಡೂ ಕಡೆಯ ಟ್ಯಾಪು ನಡುವಿನ ಸರಳಿನ ಮೇಲೆ ಕೂತು ಒಂದೇ ಗೆರೆಯಲ್ಲಿ ಸಾಗಬೇಕು ಎನ್ನುತ್ತಾರೆ. ಲೋಹ ಕೊಯ್ಯುವುದಿದ್ದರೆ ಅವರ ಮಾತು ನೂರಕ್ಕೆ ನೂರು ನಿಜ. ಬೆಸುಗೆಯ ಬಿಸಿಗೆ ಶೆಲ್ಲು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಸೀಳು ಕೊಯ್ದ ಕಪ್ಪು ಏನೂ ಮಾಡಲಾರದು. ಆದರೆ ಅಡ್ಡಿ ಬರೀ ಬಣ್ಣವಾಗಿರುವಾಗ ಕೊಯ್ಯುವ ಆಯುಧವೇ ಅಪಾಯ. ಹರಿತವಾದ ಟ್ಯಾಪು ಪಳಗದ ಕೈಯಲ್ಲಿ ಒಂಚೂರು ಓರೆಯಾಗಿ ಹೊಕ್ಕರೆ ಇದ್ದ ಥ್ರೆಡ್ಡನ್ನೂ ಕಳೆಯುತ್ತದೆ, ಕಳೆದ ಲೋಹ ಮರಳಿ ಬರುವುದಿಲ್ಲ. ನನ್ನ ಹಳೇ ಕಪ್ಪು ಇರುವ ದಾರಿಯಲ್ಲಷ್ಟೇ ನಡೆಯುತ್ತದೆ. ಹೊಸ ದಾರಿ ಕೊರೆಯುವ ಶಕ್ತಿ ಅದಕ್ಕಿಲ್ಲ, ಅದೇ ಅದರ ಗುಣ.

ಬಲಗಡೆ ಎಡಗೈ ಥ್ರೆಡ್ ಯಾಕೆ ಎಂಬುದು ನನಗೆ ಇಡೀ ಸೈಕಲ್ಲಿನಲ್ಲೇ ಅತ್ಯಂತ ಪ್ರಿಯವಾದ ವಿಷಯ. ಮುಷ್ಟಿಯನ್ನು ಸಡಿಲವಾಗಿ ಮಡಿಸಿ ಒಂದು ಪೆನ್ಸಿಲ್ ಸಿಕ್ಕಿಸಿ, ಅದರ ಹೊರತುದಿಯನ್ನು ವೃತ್ತಾಕಾರವಾಗಿ ಸುತ್ತಿಸಿ ನೋಡಿ. ನೀವು ಸುತ್ತಿಸುವ ದಿಕ್ಕಿಗೆ ವಿರುದ್ಧವಾಗಿ ಪೆನ್ಸಿಲ್ ತನ್ನ ಅಚ್ಚಿನ ಮೇಲೆ ತಿರುಗುತ್ತದೆ. ತುಳಿತದ ಭಾರ ಸುತ್ತು ಸುತ್ತು ಜಾಗ ಬದಲಿಸುವಾಗ ಕಪ್ಪಿಗೂ ಹೀಗೇ ಆಗುತ್ತದೆ. ಬಲದಿಂದ ನೋಡಿದರೆ ಕ್ರ್ಯಾಂಕು ಗಡಿಯಾರದಂತೆ ತಿರುಗುತ್ತದೆ, ಕಪ್ಪು ಅದಕ್ಕೆ ಎದುರಾಗಿ ಹರಿದಾಡಲು ನೋಡುತ್ತದೆ. ಎಡಗೈ ಥ್ರೆಡ್ ಇದ್ದರೆ ಆ ಹರಿದಾಟ ಬಿಗಿಯಾಗುವ ಕಡೆಗೇ. ಇಟಲಿಯವರು 36 ಮಿಲಿಮೀಟರ್ ವ್ಯಾಸದಲ್ಲಿ ಎರಡೂ ಕಡೆ ಬಲಗೈ ಥ್ರೆಡ್ಡನ್ನೇ ಇಟ್ಟರು. ಅವರ ಬಲಗಡೆಯ ಕಪ್ಪು ಸಡಿಲವಾಗುವುದು ಮೆಕ್ಯಾನಿಕ್ಕುಗಳಿಗೆ ಹಳೆಯ ತಲೆನೋವು. ಲೋಕದ ತುಂಬ ಹರಡಿದ್ದು 1.37 ಇಂಚಿನ, ಇಂಚಿಗೆ 24 ಸುತ್ತಿನ ಇಂಗ್ಲಿಷ್ ಅಳತೆ. ಬರ್ಮಿಂಗ್‌ಹ್ಯಾಮಿನ ಬಂದೂಕಿನ ಕಾರ್ಖಾನೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್‌ನ ಹೆಸರಲ್ಲಿ ಅದನ್ನು ಇವತ್ತಿಗೂ ಬಿಎಸ್‌ಎ ಎನ್ನುತ್ತಾರೆ. ಮದ್ರಾಸಿನ ಅಂಬತ್ತೂರಿನಲ್ಲಿ ತಯಾರಾಗಿ ನಮ್ಮ ಊರುಗಳಿಗೆ ಬರುತ್ತಿದ್ದ ಬಿಎಸ್‌ಎ ಸೈಕಲ್ಲುಗಳ ಮೇಲಿದ್ದದ್ದೂ ಅದೇ ಹೆಸರು.

ಬಣ್ಣ ಹೋಯಿತು, ಕಪ್ಪು ಬೆರಳಲ್ಲೇ ಇಳಿಯಿತು. ಆದರೆ ಕೊನೆಯಲ್ಲಿ ಅಂಚು ಸುತ್ತಲೂ ತಾಗಲಿಲ್ಲ. ಮುಂದಿನ ಕಡೆ ಮೊದಲು ತಾಗಿತು, ಹಿಂದೆ ಸಂದು ಉಳಿಯಿತು. ಫೀಲರ್ ಗೇಜಿನ 0.3 ಮಿಲಿಮೀಟರಿನ ಎಲೆ ಆ ಸಂದಿನಲ್ಲಿ ಸಲೀಸಾಗಿ ಹೋಗುತ್ತಿತ್ತು. ಅಂದರೆ ಶೆಲ್ಲಿನ ಮುಖ ಥ್ರೆಡ್ಡಿಗೆ ನೇರವಾಗಿಲ್ಲ. ಬೇರಿಂಗು ಶೆಲ್ಲಿನೊಳಗೇ ಕೂರುತ್ತಿದ್ದ ಕಾಲದಲ್ಲಿ ಇದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ನಡೆಯುತ್ತಿತ್ತು. 2003ರ ಸುಮಾರಿಗೆ ಶಿಮಾನೊ ಕಂಪನಿ ಬೇರಿಂಗುಗಳನ್ನು ಶೆಲ್ಲಿನ ಹೊರಗೆ ತಂದಮೇಲೆ ಆ ಮುಖವೇ ಬೇರಿಂಗಿನ ಪೀಠವಾಗಿದೆ. ಪೀಠ ಓರೆಯಾದರೆ ಎಡಬಲದ ಎರಡು ಬೇರಿಂಗುಗಳು ಒಂದೇ ಅಚ್ಚನ್ನು ಎರಡು ದಿಕ್ಕಿಗೆ ಜಗ್ಗುತ್ತವೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಫ್ರೇಮ್ ಕಟ್ಟುವವರು ಅಳತೆ ಮೇಜಿನ ಮೇಲೆ ಫ್ರೇಮನ್ನು ಬಿಗಿಯುವುದು ಈ ಮುಖವನ್ನೇ ಹಿಡಿದು. ಅದೇ ಸುಳ್ಳಾದರೆ ಅದರ ಮೇಲೆ ನಿಂತು ತೆಗೆದ ಪ್ರತಿ ಅಳತೆಯೂ ಸುಳ್ಳು.

ಅನುಮಾನ ಒಮ್ಮೆ ಹುಟ್ಟಿದ ಮೇಲೆ ದಾರ ತೆಗೆದೆ. ಫ್ರೇಮಿನ ನೇರ ನೋಡಲು ದಾರದ ಪರೀಕ್ಷೆಗಿಂತ ಸುಂದರವಾದ ಉಪಾಯವನ್ನು ಯಾವ ಕಂಪನಿಯೂ ಮಾರಿಲ್ಲ. ಹಿಂಚಕ್ರದ ಅಚ್ಚು ಕೂರುವ ಎಡ ಡ್ರಾಪೌಟಿಗೆ ಕಟ್ಟಿ, ಮುಂದಿನ ಹೆಡ್ ಟ್ಯೂಬನ್ನು ಬಳಸಿ, ಬಲ ಡ್ರಾಪೌಟಿಗೆ ಎಳೆದು ಕಟ್ಟುವುದು. ಸೀಟ್ ಟ್ಯೂಬಿನ ಎರಡೂ ಪಕ್ಕದಲ್ಲಿ ದಾರಕ್ಕೂ ಟ್ಯೂಬಿಗೂ ಇರುವ ಅಂತರವನ್ನು ವರ್ನಿಯರಿನಲ್ಲಿ ಅಳೆಯುವುದು. ಎರಡೂ ಸಮವಿದ್ದರೆ ಹಿಂಬದಿ ನಡುವೆ ಇದೆ. ಹೂ ಕಟ್ಟುವ ದಾರ ಬೇಡ, ಅದಕ್ಕೆ ಜುಂಗು ಹೆಚ್ಚು, ಎಳೆದಷ್ಟೂ ಹಿಗ್ಗುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ಸಣ್ಣ ನೈಲಾನು ಒಳ್ಳೆಯದು. ಎರಡೂ ಡ್ರಾಪೌಟಿನಲ್ಲಿ ದಾರ ಒಂದೇ ಜಾಗದಿಂದ ಹೊರಡಬೇಕು, ಕೇಬಲ್ಲಿನ ಕೊಂಡಿಗೋ ಪಂಪಿನ ಗುಬುಟಿಗೋ ತಾಗಬಾರದು. ಇದರ ಚಮತ್ಕಾರವೆಂದರೆ, ಸಾಮಾನ್ಯ ಅಳತೆಯ ಫ್ರೇಮಿನಲ್ಲಿ ಡ್ರಾಪೌಟುಗಳು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೆ ಎರಡು ಬದಿಯ ಅಂತರಗಳ ವ್ಯತ್ಯಾಸ ಒಂದಕ್ಕಿಂತ ತುಸು ಹೆಚ್ಚೇ ಬರುತ್ತದೆ. ದಾರ ದೋಷವನ್ನು ಹಿಗ್ಗಿಸಿ ತೋರಿಸುತ್ತದೆ! ಒಂದು ಮಿಲಿಮೀಟರಿನೊಳಗಿನ ವ್ಯತ್ಯಾಸವನ್ನು ನಾನು ಮನ್ನಿಸುತ್ತೇನೆ. ಈ ಹಸಿರು ಫ್ರೇಮಿನಲ್ಲಿ ಮೂರು ಬಂತು.

ಚಕ್ರ ಹಾಕಿ ನೋಡಿದಾಗಲೂ ಅದೇ ಕಥೆ, ಟೈರು ಎಡಗಡೆ ವಾಲಿತ್ತು. ಇಲ್ಲಿ ಅಂಗಡಿಯವರು ತಕ್ಷಣ "ಚಕ್ರದ ಬೆಂಡ್ ಸಾರ್" ಎಂದು ಸ್ಪೋಕ್ ಕೀಲಿ ಎತ್ತುತ್ತಾರೆ. ತಡೆಯಿರಿ! ಚಕ್ರವನ್ನು ಎಡಬಲ ತಿರುವಿ ಹಾಕಿ. ವಾಲಿಕೆಯೂ ಪಕ್ಕ ಬದಲಿಸಿದರೆ ತಪ್ಪು ಚಕ್ರದ್ದು. ವಾಲಿಕೆ ಅಲ್ಲೇ ಉಳಿದರೆ ಫ್ರೇಮಿನದು. ಇಷ್ಟು ನೋಡದೆ ನೆಟ್ಟಗಿದ್ದ ಚಕ್ರವನ್ನು ಓರೆ ಫ್ರೇಮಿಗೆ ಹೊಂದುವ ಹಾಗೆ ಎಳೆದು ಕೊಡುವವರನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ. ಒಂದು ತಪ್ಪನ್ನು ಮುಚ್ಚಲು ಎರಡನೆಯದನ್ನು ಹುಟ್ಟಿಸಿ ಅದಕ್ಕೆ ಕೂಲಿಯನ್ನೂ ತೆಗೆದುಕೊಳ್ಳುತ್ತಾರೆ. ಕಾಟರ್ ಪಿನ್ನಿನ ಕಾಲದ ನಮ್ಮ ಸೈಕಲ್ ಶಾಪಿನವರು ಹೀಗಿರಲಿಲ್ಲ. ಪಿನ್ನಿನ ಚಪ್ಪಟೆ ಮುಖವನ್ನು ಅರದಲ್ಲಿ ಉಜ್ಜಿ, ಹೊಡೆದು, ಮತ್ತೆ ತೆಗೆದು ಉಜ್ಜಿ, ಎರಡೂ ಪೆಡಲ್ ಕಡ್ಡಿಗಳು ಒಂದೇ ಗೆರೆಗೆ ಬರುವವರೆಗೂ ಬಿಡುತ್ತಿರಲಿಲ್ಲ. ಕಾರ್ಖಾನೆಯಿಂದ ಬಂದದ್ದು ಅರೆಬೆಂದದ್ದು, ಬೇಯಿಸುವುದು ತಮ್ಮ ಕೆಲಸ ಎಂದು ಅವರಿಗೆ ಗೊತ್ತಿತ್ತು.

ಉಕ್ಕಾದ್ದರಿಂದ ಈ ಹಿಂಬದಿಯನ್ನು ನೆಟ್ಟಗೆ ಮಾಡಬಹುದು. ಅಮೆರಿಕದ ಮೆಸಾಚುಸೆಟ್ಸಿನ ಶೆಲ್ಡನ್ ಬ್ರೌನ್ ಎಂಬ ಮೆಕ್ಯಾನಿಕ್ 2008ರಲ್ಲಿ ತೀರಿಕೊಳ್ಳುವ ಮೊದಲು ಒಂದು ಮರದ ಪಟ್ಟಿಯನ್ನು ಸನ್ನೆಯಾಗಿಟ್ಟು ಹಿಂಬದಿಯ ಒಂದೊಂದೇ ಕಾಲನ್ನು ಬಗ್ಗಿಸುವ ಕ್ರಮವನ್ನು ಬರೆದಿಟ್ಟು ಹೋಗಿದ್ದಾರೆ, ನಾನೂ ಅದನ್ನೇ ಅನುಸರಿಸುವವನು. ಅಲ್ಯೂಮಿನಿಯಮ್ ಫ್ರೇಮನ್ನು ಹಾಗೆ ಬಗ್ಗಿಸಲು ಯಾರಾದರೂ ಬಂದರೆ ಕೈ ಹಿಡಿದು ನಿಲ್ಲಿಸಿ. ಹದಗೊಳಿಸಿದ ಆ ಲೋಹ ಬಿರುಕು ಬಿಟ್ಟೀತು. ಕಾರ್ಬನ್ನಿನ ಮಾತೇ ಇಲ್ಲ. ಗೇರಿನ ಹ್ಯಾಂಗರ್ ಓರೆ, ಥ್ರೆಡ್ಡಿನಲ್ಲಿ ಬಣ್ಣ ಇವನ್ನು ಮನೆಯಲ್ಲೇ ಸರಿಮಾಡಿಕೊಳ್ಳಬಹುದು. ಬೆಸುಗೆಯ ಪಕ್ಕ ಕೂದಲೆಳೆ ಬಿರುಕು ಕಂಡರೆ, ಹೆಡ್ ಟ್ಯೂಬೂ ಸೀಟ್ ಟ್ಯೂಬೂ ಒಂದಕ್ಕೊಂದು ತಿರುಚಿದ್ದರೆ, ಫ್ರೇಮನ್ನು ಬಂದ ಡಬ್ಬಿಯಲ್ಲೇ ವಾಪಸು ಕಳಿಸಬೇಕು. ಆ ತಿರುಚನ್ನು ದಾರ ಹೇಳುವುದಿಲ್ಲ. ದೂರ ನಿಂತು, ಒಂದು ಕಣ್ಣು ಮುಚ್ಚಿ, ಒಂದು ಟ್ಯೂಬಿನ ಹಿಂದೆ ಇನ್ನೊಂದನ್ನು ಅಡಗಿಸಿ ನೋಡಬೇಕು.

ಶೆಲ್ಲಿನ ಮುಖ ಕೆತ್ತಿ ನೇರ ಮಾಡುವ, ಥ್ರೆಡ್ ತೊಳೆಯುವ ಈ ಕೆಲಸವೆಲ್ಲ ಒಂದು ಕಾಲಕ್ಕೆ ಒಳ್ಳೆಯ ಅಂಗಡಿಯ ಹೆಮ್ಮೆಯಾಗಿತ್ತು. ಕಾಂಪಾನ್ಯೊಲೊ ಕಂಪನಿಯವರು ಇದಕ್ಕೆಂದೇ ಮರದ ಪೆಟ್ಟಿಗೆ ತುಂಬ ಆಯುಧ ಜೋಡಿಸಿ ಮಾರುತ್ತಿದ್ದರು. ಕೈಗಾರಿಕೆ ಆ ಕೆಲಸವನ್ನು ಚೆನ್ನಾಗಿ ಮಾಡುವುದರ ಬದಲು ಥ್ರೆಡ್ಡನ್ನೇ ಕಿತ್ತುಹಾಕಿತು. 2000ದಲ್ಲಿ ಕ್ಯಾನಂಡೇಲ್ ಕಂಪನಿ 42 ಮಿಲಿಮೀಟರಿನ ರಂಧ್ರಕ್ಕೆ ಬೇರಿಂಗನ್ನು ನೇರವಾಗಿ ಒತ್ತಿ ಕೂರಿಸುವ ಪದ್ಧತಿ ತಂದಿತು. ಆಮೇಲೆ 41, 46, ಒಂದೊಂದು ಕಂಪನಿಗೂ ಒಂದೊಂದು ಅಳತೆ. ಹೀಗೆ ಒತ್ತಿ ಕೂರಿಸುವುದಕ್ಕೆ ರಂಧ್ರದ ಅಳತೆ ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದಲ್ಲಿ ನಿಖರವಾಗಿರಬೇಕು. ಥ್ರೆಡ್ಡಿಗೆ ಬಣ್ಣ ಬೀಳದಂತೆ ನೋಡಿಕೊಳ್ಳಲಾಗದವರು ಈ ನಿಖರತೆಗೆ ಕೈಹಾಕಿದರು! ಎರಡೂ ಬದಿಯ ರಂಧ್ರಗಳು ಒಂದೇ ಗೆರೆಯಲ್ಲಿಲ್ಲದ ಫ್ರೇಮುಗಳು, ಲಕ್ಷಗಟ್ಟಲೆ ಬೆಲೆಯವು, ಕಿರುಗುಟ್ಟುತ್ತ ರಸ್ತೆಗೆ ಬಂದವು. 2015ರಲ್ಲಿ ಕ್ರಿಸ್ ಕಿಂಗ್ ಮತ್ತು ಆರ್ಗೊನಾಟ್ ಕಂಪನಿಗಳು ಸೇರಿ 47 ಮಿಲಿಮೀಟರಿನ ಹೊಸ ಥ್ರೆಡ್ ತಂದಮೇಲೆ ಹಲವು ಕಂಪನಿಗಳು ಮತ್ತೆ ಥ್ರೆಡ್ಡಿಗೆ ಮರಳಿವೆ. ಇಷ್ಟು ವರ್ಷ ಆ ಕಿರುಗುಟ್ಟುವಿಕೆಯ ಖರ್ಚು ಹೊತ್ತವರು ಕೊಂಡವರು. ನಮ್ಮ ಸವಾರರ ಗುಂಪುಗಳಲ್ಲೂ ನೂರು ಗ್ರಾಂ ತೂಕದ ಬಗ್ಗೆ ಗಂಟೆಗಟ್ಟಲೆ ವಾದ ನಡೆಯುತ್ತದೆ, ಒಬ್ಬರೂ ದಾರ ಕಟ್ಟಿ ನೋಡುವುದಿಲ್ಲ.

ಈಗ ನನ್ನ ಹಸಿರು ಫ್ರೇಮು ಗೋಡೆಗೆ ಒರಗಿದೆ. ಮುಖ ಕೆತ್ತಿಸಿಲ್ಲ, ಹಿಂಬದಿ ಬಗ್ಗಿಸಿಲ್ಲ. ವಾರಂಟಿ ಚೀಟಿಯಲ್ಲಿ, ಫ್ರೇಮಿನಲ್ಲಿ ಯಾವುದೇ ಮಾರ್ಪಾಡು ಮಾಡಿದರೆ ತಾವು ಹೊಣೆಯಲ್ಲ ಎಂದಿದೆ. ಅರೆಬರೆ ಮಾಡಿ ಕಳಿಸುವುದು, ಪೂರ್ತಿ ಮಾಡಿಕೊಂಡರೆ ಹೊಣೆ ತಪ್ಪಿಸಿಕೊಳ್ಳುವುದು! 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಯಾರಿಕೆಯ ದೋಷಕ್ಕೆ ತಯಾರಕನೇ ಹೊಣೆ ಎಂಬ ಅಧ್ಯಾಯವಿದೆ, ಅದನ್ನು ಓದಿಕೊಂಡೇ ಫ್ರೇಮಿನ ಕಂಪನಿಗೆ ಕಾಗದ ಬರೆದೆ. ದಾರದ, ಫೀಲರ್ ಗೇಜಿನ ಫೋಟೋಗಳನ್ನೂ ಲಗತ್ತಿಸಿದೆ. ಫ್ರೇಮು ಐಎಸ್‌ಒ 4210ರ ಪರೀಕ್ಷೆ ಗೆದ್ದಿದೆ, ನೀವು ಹೇಳುವ ವ್ಯತ್ಯಾಸಗಳು ಮಿತಿಯೊಳಗೇ ಇವೆ ಎಂದು ಉತ್ತರ ಬಂತು. ಆ ಪರೀಕ್ಷೆ ನನಗೂ ಗೊತ್ತು. ತುಳಿತದ ಭಾರವನ್ನು ಫ್ರೇಮಿನ ಮೇಲೆ ಒಂದು ಲಕ್ಷ ಸಲ ಹೇರಿ ಅದು ಬಿರುಕು ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಓರೆಯಾಗಿರುವ ಫ್ರೇಮೂ ಒಂದು ಲಕ್ಷ ಸಲ ತಡೆದೀತು. ಮುರಿಯುತ್ತದೆಯೇ ಎಂದು ನಾನು ಕೇಳಿಯೇ ಇರಲಿಲ್ಲ. ಹಿಂಬದಿಯ ಓರೆಗೆ ನಿಮ್ಮ ಕಾರ್ಖಾನೆ ಇಟ್ಟುಕೊಂಡಿರುವ ಮಿತಿ ಎಷ್ಟು ಮಿಲಿಮೀಟರು, ಅದನ್ನು ಯಾವ ಮುಖದಿಂದ ಅಳೆಯುತ್ತೀರಿ ಎಂದು ಮರುಕಾಗದ ಹಾಕಿದ್ದೇನೆ.