ಬಂಟವಾಳದಿಂದ ಮಸ್ಕತ್ತಿನವರೆಗೆ: ಒಂದು ಮಧುಚಂದ್ರದ ಯೋಜನೆ

ನಮ್ಮ ವಿವಾಹವಾದ ಮರುವಾರ ನಾವೂ ಒಂದು ಪ್ರವಾಸವನ್ನು ಕೈಗೊಂಡಿದ್ದೆವು. ಬಂಟವಾಳದಿಂದ ಧರ್ಮಸ್ಥಳಕ್ಕೆ, ಅಲ್ಲಿಂದ ಸುಬ್ರಹ್ಮಣ್ಯಕ್ಕೆ, ಮರಳಿ ಮನೆಗೆ. ಒಂದೇ ಬಾಡಿಗೆಯ ಮೋಟಾರಿನಲ್ಲಿ ಹನ್ನೊಂದು ಮಂದಿಯಿದ್ದೆವು. ಸೋದರತ್ತೆಯವರು ಮುಂದಿನ ಆಸನದಲ್ಲಿಯೂ, ನಮ್ಮ ಮನೆಯವರು ಹಿಂದಿನ ಸಾಲಿನಲ್ಲಿ ಇಬ್ಬರು ಮಕ್ಕಳನ್ನು ತೊಡೆಯ ಮೇಲಿರಿಸಿಕೊಂಡೂ, ನಾವು ನಡುವಿನ ಸಾಲಿನಲ್ಲಿ ಹಲಸಿನ ಹಪ್ಪಳದ ಡಬ್ಬಿಯೊಂದನ್ನು ಅಪ್ಪಿಕೊಂಡೂ ಕುಳಿತಿದ್ದೆವು. ಎರಡು ದಿನಗಳಲ್ಲಿ ನಾವು ದಂಪತಿಗಳು ಪರಸ್ಪರ ಆಡಿದ ಮಾತುಗಳು ಕೈಬೆರಳುಗಳ ಎಣಿಕೆಯನ್ನು ಮೀರಿರಲಾರವು. ಅವುಗಳಲ್ಲಿಯೂ ಹೆಚ್ಚಿನವು ಆ ಡಬ್ಬಿಯ ಕುರಿತಾದವುಗಳೇ. ಅಂದು ಎಲ್ಲರಿಗೂ ಹೀಗೆಯೇ ನಡೆಯುತ್ತಿದ್ದುದರಿಂದ ನಾವು ಅದನ್ನೊಂದು ಕೊರತೆಯೆಂದು ಎಣಿಸಲಿಲ್ಲ. ಆದರೆ ಆ ಸಂಗತಿಯು ನಮ್ಮ ಮನಸ್ಸಿನಲ್ಲಿ ಉಳಿದಿತ್ತೆಂಬುದು ಕಳೆದ ಕಾರ್ತಿಕ ಮಾಸದಲ್ಲಿ ನಮಗೆ ತಿಳಿದುಬಂದಿತು.

ಆ ಮಾಸದ ಕೊನೆಯಲ್ಲಿ ನಮ್ಮ ತಂಗಿಯ ಮಗಳ ವಿವಾಹವು ನೆರವೇರಿತು. ವರನ ಮೂಲಸ್ಥಳವು ಮೂಡುಬಿದಿರೆಯಾದರೂ ಅವರು ಹುಟ್ಟಿ ಬೆಳೆದುದು ಮುಂಬಯಿಯಲ್ಲಿ. ಈಗ ಮಸ್ಕತ್ತಿನಲ್ಲಿ ನೀರು ಸರಬರಾಜಿಗೆ ಸಂಬಂಧಪಟ್ಟ ಒಂದು ಉದ್ಯೋಗದಲ್ಲಿರುವರು. ವಧೂವರರು ವಿವಾಹಕ್ಕೆ ಮುಂಚೆ ಮುಖಾಮುಖಿಯಾಗಿ ಭೇಟಿಯಾದುದು ನಾಲ್ಕೇ ಸಲ. ಹೀಗಿರಲು, ಪ್ರವಾಸ ಏರ್ಪಡಿಸುವ ಕಂಪೆನಿಯೊಂದರ ಬಣ್ಣದ ಪುಸ್ತಿಕೆಯು ಮನೆಗೆ ಬಂದಿತು. ಏಳು ದಿನಗಳಲ್ಲಿ ಯುರೋಪಿನ ಐದು ದೇಶಗಳು! ಬೆಳಗಿನ ಆರು ಗಂಟೆಯಿಂದ ರಾತ್ರಿಯ ಹತ್ತರವರೆಗೆ ಯಾವ ಗಳಿಗೆಯಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ಚಿತ್ರ ತೆಗೆಸಿಕೊಳ್ಳಬೇಕು ಎಂಬುದೆಲ್ಲವೂ ಅದರಲ್ಲಿ ಅಚ್ಚಾಗಿದ್ದಿತು. ಹುಡುಗಿಯು ಅದನ್ನು ಎರಡು ಸಲ ಓದಿ, ಅಡುಗೆಮನೆಗೆ ಹೋಗಿ, ನಮ್ಮ ಮನೆಯವರೊಡನೆ ಮೆಲ್ಲನೆ, “ಅತ್ತೆ, ಇಷ್ಟೆಲ್ಲ ಊರು ನೋಡುವುದಾದರೆ ಅವರನ್ನು ನಾನು ನೋಡುವುದು ಯಾವಾಗ?” ಎಂದಳಂತೆ.

ಆ ಮಾತು ನಮಗೆ ನಾಟಿತು. ಇನ್ನೊಂದು ತಿಂಗಳಲ್ಲಿ ಆಕೆಯು ಗುರುತುಪರಿಚಯವಿಲ್ಲದ ದೇಶದಲ್ಲಿ, ಗಂಡನು ಕೆಲಸಕ್ಕೆ ಹೋದ ಬಳಿಕ, ಹಗಲೆಲ್ಲ ಒಬ್ಬಳೇ ಇರತಕ್ಕವಳು. ಆ ಒಂಟಿತನಕ್ಕೆ ಆಸರೆಯಾಗಬೇಕಾದುದು ಇಬ್ಬರೊಳಗಿನ ಪರಿಚಯವೇ ಹೊರತು ಐದು ದೇಶಗಳ ಚಿತ್ರಗಳಲ್ಲ. ಆದುದರಿಂದ ನಾವು ಇಬ್ಬರಿಗೂ ಒಂದೊಂದು ಚೀಟಿಯನ್ನು ಕೊಟ್ಟು, ಒಬ್ಬರದನ್ನೊಬ್ಬರು ನೋಡದೆ ಮೂರು ಮೂರು ಬಯಕೆಗಳನ್ನು ಬರೆಯಬೇಕೆಂದೂ, ಯಾವುದೊಂದು ಊರಿನ ಹೆಸರನ್ನೂ ಬರೆಯಕೂಡದೆಂದೂ ಹೇಳಿದೆವು.

ಅಳಿಯಂದಿರು ಬರೆದುದು: ನೀರು ಎಲ್ಲಿಂದ ಬರುವುದೆಂದು ನೋಡಬೇಕು, ಎತ್ತರವಾದ ಸ್ಥಳವೊಂದನ್ನು ಹತ್ತಬೇಕು, ಹಿರಿಯರು ಬಾಳಿದ ಸ್ಥಳವನ್ನು ಕಾಣಬೇಕು. ಹುಡುಗಿಯು ಬರೆದುದು: ಕೈಯಿಂದ ಮಾಡಿದ ಗೊಂಬೆಗಳನ್ನೂ ಕೆತ್ತನೆಗಳನ್ನೂ ನೋಡಬೇಕು; ಬೆಳಿಗ್ಗೆ ಬೇಗನೆ ಏಳುವ ಅವಸರವಿರಬಾರದು; ಪರಿಚಿತರು ಯಾರೂ ಇಲ್ಲದ ಕಡೆ ಒಂದು ಊಟ ಮಾಡಬೇಕು.

ಈ ಆರು ಬಯಕೆಗಳನ್ನು ಮುಂದಿಟ್ಟುಕೊಂಡು ನೋಡಿದಾಗ, ಮೊದಲ ಮೂರು ದಿನಗಳನ್ನು ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಕಳೆದು, ಬಳಿಕ ನೆಟ್ಟಗೆ ಮಸ್ಕತ್ತಿಗೆ ಹೋಗಿ ಒಮಾನ್ ದೇಶವನ್ನೇ ನಿಧಾನವಾಗಿ ನೋಡುವುದು ಉತ್ತಮವೆಂದು ನಮಗೆ ತೋರಿತು. ಬೀಗಿತ್ತಿಯವರು ಒಡಂಬಡಲಿಲ್ಲ. “ವಿದೇಶದಲ್ಲಿರುವ ಹುಡುಗ ಹೆಂಡತಿಯನ್ನು ಮಧುಚಂದ್ರಕ್ಕೆಂದು ಬೆಳ್ತಂಗಡಿಗೆ ಕರೆದುಕೊಂಡು ಹೋದನೆಂದರೆ ನಾಲ್ಕು ಜನ ಏನೆಂದಾರು?” ಎಂಬುದು ಅವರ ಆಕ್ಷೇಪವಾಗಿದ್ದಿತು. ಮುಂಬಯಿಯಲ್ಲಿ ಬೆಳೆದ ಮಗನು ತನ್ನ ಅಜ್ಜನ ಊರನ್ನು ಇದುವರೆಗೂ ಸರಿಯಾಗಿ ಕಂಡಿಲ್ಲವೆಂದು ಹೇಳಿದ ಮೇಲೆ ಅವರು ಸುಮ್ಮನಾದರು. ಅದನ್ನು ನಾವು ಸಮ್ಮತಿಯೆಂದೇ ಗ್ರಹಿಸಿದೆವು. ನಾವು ಜೊತೆಗೆ ಹೋಗಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವೆವು. ಹಪ್ಪಳದ ಡಬ್ಬಿಯನ್ನೂ ಕಳುಹಿಸಲಿಲ್ಲ. ಮುಂದಿನ ವೃತ್ತಾಂತವು ಸ್ಥಳಗಳ ಮಟ್ಟಿಗೆ ನಾವು ಬಲ್ಲುದು. ಮಿಕ್ಕುದು ಅವರು ಮರಳಿ ಬಂದು ಹೇಳಿದುದು.

ಮೊದಲನೆಯ ದಿನ ಎಂಟೂವರೆಗೆ ಎದ್ದು, ಸಜ್ಜಿಗೆ ಬಜಿಲು ತಿಂದು, ಬಂಟವಾಳದ ಹಳೆಯ ಪೇಟೆಯಲ್ಲಿ ನಡೆದಾಡಿದರು. ಘಟ್ಟದಿಂದಿಳಿದ ಸರಕುಗಳು ನೇತ್ರಾವತಿಯ ದೋಣಿಗಳನ್ನೇರಿ ಮಂಗಳೂರಿಗೆ ಹೋಗುತ್ತಿದ್ದ ಕಾಲದಲ್ಲಿ ಬೆಳೆದ ಪೇಟೆಯಿದು. 1923ರ ನೆರೆಯನ್ನೂ 1974ರ ನೆರೆಯನ್ನೂ ಕಂಡುದು. ಮಕ್ಕಳ ಪದ್ಯಗಳಿಂದ ಕನ್ನಡಿಗರೆಲ್ಲರಿಗೂ ಬೇಕಾದ ಪಂಜೆ ಮಂಗೇಶರಾಯರು 1874ರಲ್ಲಿ ಜನಿಸಿದುದು ಇದೇ ಊರಿನಲ್ಲಿ. ಅಲ್ಲಿಂದ ಜೋಡುಮಾರ್ಗವನ್ನು ದಾಟಿ ಕಲ್ಲಡ್ಕದಲ್ಲಿ ನಿಂತು, ಕೆಳಗೆ ಬಿಳಿಯ ಹಾಲೂ ಮೇಲೆ ಕಪ್ಪು ಕಷಾಯವೂ ಬೆರೆಯದೆ ನಿಲ್ಲುವ ಆ ಪ್ರಸಿದ್ಧವಾದ ಚಹವನ್ನು ಕುಡಿದರು. ಪಕ್ಕದ ಮೇಜಿನವರು ಹುಡುಗಿಯ ದೊಡ್ಡಪ್ಪನ ಸ್ನೇಹಿತರಾಗಿದ್ದು, ಚಹದ ಹಣವನ್ನು ತಾವೇ ಕೊಟ್ಟುಬಿಟ್ಟರು. ಪರಿಚಿತರಿಲ್ಲದ ಊಟವು ಬಂಟವಾಳ ತಾಲೂಕಿನಲ್ಲಿ ಆಗುವ ಕೆಲಸವಲ್ಲವೆಂದು ಅಲ್ಲಿಗೇ ನಿಶ್ಚಯವಾಯಿತು.

ಮಧ್ಯಾಹ್ನ ವಿಟ್ಲದ ದಾರಿಯಾಗಿ ಮಾಣಿಲದಲ್ಲಿರುವ ನಮ್ಮ ಬಂಧುಗಳ ತೋಟಕ್ಕೆ ಹೋದರು. ಪ್ರವಾಸಿಗರ ಪುಸ್ತಕಗಳಲ್ಲಿ ಕಾಣಸಿಗದಿದ್ದರೂ ನಮ್ಮ ಸೀಮೆಯ ಒಂದು ಅದ್ಭುತವು ಅಲ್ಲಿರುವುದು. ಅದೇ ಸುರಂಗ. ಬಾವಿಯನ್ನು ಕೆಳಕ್ಕೆ ತೋಡುವಂತೆ ಇಲ್ಲಿ ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯನು ಬಗ್ಗಿ ನಡೆಯುವಷ್ಟು ಅಗಲಕ್ಕೆ ಕೊರೆಯುತ್ತ ಹೋಗುವರು. ಒಳಗೆ ಗಾಳಿಯಿರುವುದೋ ಇಲ್ಲವೋ ಎಂಬುದನ್ನು ಮೇಣದ ಬತ್ತಿಯ ಉರಿಯಿಂದ ತಿಳಿಯುವರು. ನೀರಿನ ಸೆಲೆ ದೊರೆತರೆ ಅದು ಯಂತ್ರದ ಹಂಗಿಲ್ಲದೆ ತಾನಾಗಿಯೇ ಹರಿದು ಬಂದು, ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಕೊಳವೆಯಲ್ಲಿ, ತೋಟದ ಕೆರೆಯನ್ನು ಸೇರುವುದು. ಅದೇ ತಾಲೂಕಿನ ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡವೊಂದರಲ್ಲಿ ಒಂಟಿಯಾಗಿ ಸುರಂಗ ಕೊರೆದು, ಮೊದಲಿನ ಹಲವು ಪ್ರಯತ್ನಗಳಲ್ಲಿ ನೀರು ಸಿಗದೆ ಹೋದರೂ ಬಿಡದೆ, ಕೊನೆಗೆ ನೀರನ್ನು ತಂದು ಅಡಿಕೆಯ ತೋಟವನ್ನೆಬ್ಬಿಸಿದರು. 2022ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀಯನ್ನಿತ್ತು ಗೌರವಿಸಿತು.

ಅಳಿಯಂದಿರು ಸುರಂಗದೊಳಗೆ ಹೋದರು. ಹುಡುಗಿಯೂ ಸೆರಗನ್ನು ಬಿಗಿದು ಹಿಂದಿನಿಂದ ಹೋದಳು. ಕತ್ತಲಲ್ಲಿ ಕಾಲಕೆಳಗೆ ತಣ್ಣನೆಯ ನೀರು ಹರಿಯುತ್ತಿದ್ದಾಗ ಅವರು ತಮ್ಮ ಉದ್ಯೋಗದ ವಿಚಾರವನ್ನು ಅವಳಿಗೆ ಮೊತ್ತಮೊದಲಾಗಿ ವಿವರಿಸಿ ಹೇಳಿದರಂತೆ. ಅಷ್ಟರವರೆಗೆ ಅದೇನು ಕೆಲಸವೆಂದು ಆಕೆಗೆ ತಿಳಿದೇ ಇರಲಿಲ್ಲ.

ಎರಡನೆಯ ದಿನವು ಬೆಳ್ತಂಗಡಿಯ ಪಾಲಿನದು. ಧರ್ಮಸ್ಥಳವನ್ನು ಬಲ್ಲದವರಿಲ್ಲವಷ್ಟೆ. ಆದುದರಿಂದ ದೇವರ ದರ್ಶನವನ್ನು ಬೇಗನೆ ಮುಗಿಸಿಕೊಂಡು ಗಡಾಯಿಕಲ್ಲಿಗೆ ಹೋದರು. ಒಂದೇ ಬಂಡೆಯಂತೆ ಕಾಣುವ ಈ ಗಿರಿಯ ತುದಿಯು ಸಮುದ್ರಮಟ್ಟದಿಂದ ಸುಮಾರು 1700 ಅಡಿಗಳ ಎತ್ತರದಲ್ಲಿರುವುದು. 1794ರಲ್ಲಿ ಟಿಪ್ಪೂ ಸುಲ್ತಾನನು ಇಲ್ಲಿ ಕೋಟೆಯನ್ನು ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟನು. 1799ರಲ್ಲಿ ಅದು ಆಂಗ್ಲರ ವಶವಾಯಿತು. ಬಂಡೆಯಲ್ಲಿಯೇ ಕಡಿದ ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಹತ್ತಬೇಕು. ಮಳೆಗಾಲದಲ್ಲಿ ಅವು ಜಾರುವುದರಿಂದ ಆ ಸಾಹಸವು ತರವಲ್ಲ.

ಮಧುಚಂದ್ರದ ಮೊದಲನೆಯ ಜಗಳವು ನಡೆದುದು ಇಲ್ಲಿಯೇ. ಅರ್ಧದಾರಿಯಲ್ಲಿ ಹುಡುಗಿಯ ಮಂಡಿ ನೋಯಲಾರಂಭಿಸಿ ಆಕೆಯು ಕುಳಿತುಬಿಟ್ಟಳು. ಅಳಿಯಂದಿರು, “ಇಲ್ಲಿಯವರೆಗೆ ಬಂದು ತುದಿ ನೋಡದೆ ಹೋಗುವುದೆ? ಹತ್ತು ನಿಮಿಷದಲ್ಲಿ ಬಂದೆ,” ಎಂದು ಮೇಲೇರಿದವರು ಬಂದುದು ಮುಕ್ಕಾಲು ಗಂಟೆಯ ಮೇಲೆ. ತುದಿಯಿಂದ ಕಂಡ ಕುದುರೆಮುಖದ ಸಾಲನ್ನು ಅವರು ವರ್ಣಿಸುತ್ತಿರಲು ಆಕೆಯು ಒಂದು ಮಾತನ್ನೂ ಆಡಲಿಲ್ಲ. ಇಳಿಯುವಾಗಲೂ ಆಡಲಿಲ್ಲ. ಕಂಪೆನಿಯ ಪುಸ್ತಿಕೆಯಂತೆ ಹೋಗಿದ್ದರೆ ಆಗ ಇನ್ನೊಂದು ಊರಿಗೆ ಓಡಬೇಕಾಗುತ್ತಿತ್ತು. ಕೋಪವೂ ಪೆಟ್ಟಿಗೆಯೊಳಗೆ ಸೇರಿ ಮನೆಗೆ ಬರುತ್ತಿತ್ತು. ನಾವು ಆ ಮಧ್ಯಾಹ್ನದ ಮುಂದೆ ಏನನ್ನೂ ಬರೆದಿರಲಿಲ್ಲ. ಬೆಟ್ಟದ ಬುಡದಲ್ಲಿ ಮರದ ನೆರಳಿಗೆ ಇಬ್ಬರೂ ಬಹಳ ಹೊತ್ತು ಕುಳಿತಿದ್ದು, ಕೊನೆಗೆ ಅಳಿಯಂದಿರು, ತಾವು ತಿಳಿಯದೆ ಮಾಡಿದೆವೆಂದೂ ಇನ್ನು ಹೀಗೆ ಬಿಟ್ಟುಹೋಗುವುದಿಲ್ಲವೆಂದೂ ಹೇಳಿದರಂತೆ. ಇದನ್ನು ನಮಗೆ ತಿಳಿಸಿದವರೂ ಅವರೇ.

ಸಂಜೆಗೆ ಉಜಿರೆಯ ಸಮೀಪದ ಸುರ್ಯಕ್ಕೆ ಹೋದರು. ಅಲ್ಲಿಯ ಸದಾಶಿವರುದ್ರನಿಗೆ ಮಣ್ಣಿನ ಗೊಂಬೆಗಳೇ ಹರಕೆ. ಮಗು ಬೇಕೆಂದವರು ಮಗುವಿನ ಗೊಂಬೆಯನ್ನು, ಮನೆ ಬೇಕೆಂದವರು ಮನೆಯ ಗೊಂಬೆಯನ್ನು, ಹಸುವಿಗೆ ರೋಗ ಬಂದವರು ಹಸುವಿನ ಗೊಂಬೆಯನ್ನು ಒಪ್ಪಿಸುವರು. ಹೀಗೆ ಒಪ್ಪಿಸಿದವು ಮರಗಳ ನೆರಳಿನ ಹರಕೆಯ ಬನದಲ್ಲಿ ರಾಶಿರಾಶಿಯಾಗಿ ಬಿದ್ದಿರುವುವು. ನಮ್ಮ ಜನರ ಆಸೆಗಳೆಲ್ಲವೂ ಅಲ್ಲಿ ಮಣ್ಣಿನ ರೂಪದಲ್ಲಿ ಕಾಣಸಿಗುವುವು. ಹುಡುಗಿಯು ಒಂದು ಗೊಂಬೆಯನ್ನು ಆರಿಸಿಕೊಂಡು ತಿರುಗಿ ನೋಡಿದಾಗ ಅಳಿಯಂದಿರ ಕೈಯಲ್ಲಿಯೂ ಒಂದಿದ್ದಿತು. ಎರಡೂ ಮನೆಗಳೇ. ಇಬ್ಬರೂ ನಕ್ಕು, ಒಂದನ್ನು ಹಿಂದಕ್ಕಿಟ್ಟು, ಒಂದನ್ನು ಒಪ್ಪಿಸಿ ಬಂದರು.

ಮೂರನೆಯ ದಿನ ವೇಣೂರಿನ ಮೇಲಾಗಿ ಮೂಡುಬಿದಿರೆಯ ದಾರಿ. ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟಮೂರ್ತಿಯು ಫಲ್ಗುಣಿ ನದಿಯ ದಡದಲ್ಲಿರುವುದು. ಅದಕ್ಕೆ ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕವು 2024ರಲ್ಲಿ ನೆರವೇರಿತು. ಮಿಕ್ಕ ದಿನಗಳಲ್ಲಿ ಅಲ್ಲಿ ಜನಸಂದಣಿಯಿರುವುದಿಲ್ಲ.

ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಲಾರಂಭಿಸಿದ ಸಾವಿರಕಂಬದ ಬಸದಿಯನ್ನು ಎಲ್ಲರೂ ನೋಡುವರು. ಆದರೆ ಹೆಚ್ಚಿನವರು ಕಂಬಗಳನ್ನೆಣಿಸಿ ಹೊರಟುಬಿಡುವರು. ಮುಂಭಾಗದ ಭೈರಾದೇವಿ ಮಂಟಪದ ಕೆಳಗಿನ ಪಟ್ಟಿಯ ಮುಂದೆ ಕುಳಿತು ನೋಡಬೇಕೆಂದು ನಾವು ಹುಡುಗಿಗೆ ಹೇಳಿಕಳುಹಿಸಿದ್ದೆವು. ಅಲ್ಲಿ ನಮ್ಮ ಕಾಡುಗಳಲ್ಲಿ ಎಂದೂ ಇಲ್ಲದ ಜಿರಾಫೆಯ ಕೆತ್ತನೆಯಿರುವುದು. ಚೀನ ದೇಶದ ಘಟಸರ್ಪವೂ ಇರುವುದು. ಕರಾವಳಿಯ ವ್ಯಾಪಾರವು ಆಫ್ರಿಕದವರೆಗೂ ಚೀನದವರೆಗೂ ಹಬ್ಬಿದ್ದುದಕ್ಕೆ ಈ ಕಲ್ಲುಗಳನ್ನು ಸಾಕ್ಷಿಯಾಗಿ ತೋರಿಸುವರು. ಬಳಿಕ ಮನೆಯವರ ಅನುಮತಿಯನ್ನು ಪಡೆದು ಚೌಟರ ಅರಮನೆಯ ಮರದ ಕಂಬಗಳನ್ನು ನೋಡಿದರು. ಒಂಬತ್ತು ಸ್ತ್ರೀಯರು ಸೇರಿ ಆನೆಯಾದ ನವನಾರೀಕುಂಜರವೂ, ಐವರು ಸೇರಿ ಕುದುರೆಯಾದ ಪಂಚನಾರೀತುರಗವೂ ಅಲ್ಲಿರುವುವು.

ಚೌಟರ ವಂಶದ ಉಳ್ಳಾಲದ ರಾಣಿಯನ್ನು 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿಯು ಮಣೇಲಿನಲ್ಲಿ ಕಂಡನು. ಆಕೆಯು ಆಗ ಆಡಂಬರವಿಲ್ಲದ ಉಡುಪಿನಲ್ಲಿ, ಬರಿಗಾಲಿನಲ್ಲಿ, ನೀರಿನ ಕಾಲುವೆಯ ಕೆಲಸವನ್ನು ನೋಡಲು ಹೊರಟಿದ್ದಳೆಂದು ಅವನು ಬರೆದಿಟ್ಟಿರುವನು. ಅಳಿಯಂದಿರಿಗೆ ತಮ್ಮ ಹಿರಿಯರ ಸೀಮೆಯ ರಾಣಿಯೂ ತಮ್ಮ ಕಸುಬಿನವಳೇ ಎಂದು ಬಹಳ ಸಂತೋಷವಾಯಿತಂತೆ. ಆ ಪ್ರವಾಸಿಯ ಕಥೆಯು ದುಃಖದ್ದು. ಅವನು 1616ರಲ್ಲಿ ಬಾಗ್ದಾದಿನಲ್ಲಿ ವಿವಾಹವಾದ ಮಆನಿ ಎಂಬವಳು ಅವನೊಡನೆಯೇ ದೇಶಗಳನ್ನು ಸುತ್ತುತ್ತಿದ್ದು, 1621ರಲ್ಲಿ ಪರ್ಷಿಯದಲ್ಲಿ ತೀರಿಕೊಂಡಳು. ಅವನು ಆಕೆಯ ಕಳೇಬರವನ್ನು ಪೆಟ್ಟಿಗೆಯಲ್ಲಿರಿಸಿ, ನಮ್ಮ ದೇಶದ ಪ್ರವಾಸದಲ್ಲಿಯೂ ಬಿಡದೆ, ರೋಮಿಗೆ ಒಯ್ದು 1627ರಲ್ಲಿ ಸಮಾಧಿ ಮಾಡಿದನು. ಈ ಕಥೆಯನ್ನು ಕೇಳಿದ ಮೇಲೆ ಹುಡುಗಿಯು ಗಡಾಯಿಕಲ್ಲಿನ ಸಂಗತಿಯನ್ನು ಮತ್ತೆ ಎತ್ತಲಿಲ್ಲ.

ಅವರು ಮಸ್ಕತ್ತಿಗೆ ಹೋದುದು ಇದಾದ ಮೇಲೆ. ಅಲ್ಲಿಯೂ ಅವರೇ ಚೀಟಿಗಳನ್ನು ಹೊರತೆಗೆದರು. ಮತ್ರಾದ ಕಡಲತೀರವನ್ನು ಒಂದು ಸಂಜೆಯಲ್ಲಿ ಮುಗಿಸಿ, ನಿಜ್ವಾ ಪಟ್ಟಣಕ್ಕೆ ಹೋಗಿ, ಬೆಟ್ಟಗಳ ಅಡಿಯ ನೀರನ್ನು ನೆಲದೊಳಗಿನ ಕಾಲುವೆಯಿಂದ ಖರ್ಜೂರದ ತೋಟಗಳಿಗೆ ಹರಿಸುವ ಫಲಜ್ ಎಂಬ ಏರ್ಪಾಟನ್ನು ನೋಡಿದರು. ಹಿಂದೆ ಹಗಲು ನೆರಳನ್ನೂ ಇರುಳು ನಕ್ಷತ್ರಗಳನ್ನೂ ನೋಡಿ ಅಲ್ಲಿಯ ರೈತರು ನೀರಿನ ಪಾಳಿಯನ್ನು ಹಂಚಿಕೊಳ್ಳುತ್ತಿದ್ದರು. ನಿಜ್ವಾದ ಫಲಜ್ ದಾರಿಸ್ ಸೇರಿದಂತೆ ಇಂತಹ ಐದನ್ನು 2006ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮಾಣಿಲದ ಸುರಂಗವನ್ನು ಕಂಡು ಬಂದಿದ್ದ ಹುಡುಗಿಯು ಅಲ್ಲಿಯ ತೋಟಗಾರನೊಬ್ಬನಿಗೆ ನೆಲದ ಮೇಲೆ ಕಡ್ಡಿಯಿಂದ ಸುರಂಗದ ಚಿತ್ರವನ್ನು ಬರೆದು ತೋರಿಸಿದಳಂತೆ. ಅದರ ಸಮೀಪದ ಬಹ್ಲಾ ಊರು ಕುಂಬಾರರ ಕೆಲಸಕ್ಕೆ ಹೆಸರಾದುದು. ಅಲ್ಲಿಯ ಕೋಟೆಯು 1987ರಲ್ಲಿಯೇ ಅದೇ ಪಟ್ಟಿಗೆ ಸೇರಿದುದು. ಸುರ್ಯದ ಮಣ್ಣಿನ ಗೊಂಬೆಗಳನ್ನು ನೆನೆಯುತ್ತ ಆಕೆಯು ಅಲ್ಲಿಂದ ಒಂದು ಹೂಜಿಯನ್ನು ಕೊಂಡು, ಪರಿಚಿತರು ಯಾರೂ ಇಲ್ಲದ ಅಂಗಡಿಯೊಂದರಲ್ಲಿ ಊಟ ಮಾಡಿದಳು. ಆರನೆಯ ಬಯಕೆಯೂ ಹೀಗೆ ಪೂರೈಸಿತು.

ವಿದೇಶಕ್ಕೆ ಹೋಗಬಾರದೆಂದು ನಾವು ಹೇಳುವವರಲ್ಲ. ಎಲ್ಲಿಗೆ ಹೋಗಬೇಕೆಂದು ಕೇಳುವ ಮೊದಲು ಇಬ್ಬರಿಗೂ ಏನು ಬೇಕೆಂದು ಬೇರೆಬೇರೆಯಾಗಿ ಕೇಳಿರಿ. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚಿನ ಸ್ಥಳಗಳನ್ನು ಬರೆಯದಿರಿ. ಮಧ್ಯಾಹ್ನವೊಂದನ್ನಾದರೂ ಬರಿದಾಗಿ ಬಿಡಿರಿ. ಜಗಳಕ್ಕೂ ರಾಜಿಗೂ ಹೊತ್ತು ಬೇಕು. ಹಿರಿಯರಾದವರು ಮನೆಯಲ್ಲಿಯೇ ಉಳಿಯಿರಿ.

ಮೊನ್ನೆ ಬೀಗಿತ್ತಿಯವರು ಮುಂಬಯಿಯಿಂದ ದೂರವಾಣಿಯಲ್ಲಿ ಮಾತನಾಡುತ್ತ, ಆ ನಾಲ್ಕು ಜನರ ವಿಚಾರವನ್ನೇ ಎತ್ತಲಿಲ್ಲ. ಬರುವ ರಜೆಯಲ್ಲಿ ತಾವೂ ಯಜಮಾನರೂ ಊರಿಗೆ ಬರುವೆವೆಂದರು. ಬಳಿಕ ಸ್ವಲ್ಪ ತಡೆದು, “ಆ ಸುರ್ಯಕ್ಕೆ ಹೋಗುವ ದಾರಿ ಯಾವುದು? ನಾವಿಬ್ಬರೇ ಹೋಗಬಹುದಷ್ಟೆ?” ಎಂದು ಕೇಳಿದರು.